ಅಪ್‌ಡೇಟ್: ಹಳೆಯ ಸಾಹಸ ಆಟ ಈಗ ತೆರೆಯುತ್ತಿದೆ

1994ರ ‘ಬಿನೀತ್ ಎ ಸ್ಟೀಲ್ ಸ್ಕೈ’ ಆಟದ ಸಿ.ಡಿ. ನನ್ನ 64-ಬಿಟ್ ವಿಂಡೋಸ್‌ನಲ್ಲಿ ಏಕೆ ತೆರೆಯುವುದಿಲ್ಲ ಎಂದೂ, ಹೊಸದಾಗಿ ಚಿತ್ರ ಬರೆಸಿ ಮರುಬಿಡುಗಡೆ ಮಾಡಿದ ಹಳೆಯ ಆಟಗಳಲ್ಲಿ ಮೂಲ ಚಿತ್ರಗಳನ್ನು ನೋಡಬಹುದೇ ಎಂದೂ ಹಿಂದೆ ಕೇಳಿದ್ದೆ. ಉತ್ತರಿಸಿದವರೆಲ್ಲರಿಗೂ ಮನಃಪೂರ್ವಕ ಕೃತಜ್ಞತೆಗಳು.

ದೋಷ ಸಿ.ಡಿ.ಯಲ್ಲಿರಲಿಲ್ಲ; ವಿಂಡೋಸ್‌ಗಿಂತ ಹಿಂದಿನ ಕಾರ್ಯಾಚರಣಾ ವ್ಯವಸ್ಥೆಯಾದ ಡಾಸ್‌ಗಾಗಿ ಬರೆದ ಪ್ರೋಗ್ರಾಂಗಳನ್ನು ನಡೆಸುವ ವ್ಯವಸ್ಥೆಯೇ 64-ಬಿಟ್ ವಿಂಡೋಸ್‌ನಲ್ಲಿ ಇಲ್ಲ. ನೀವು ಸೂಚಿಸಿದ ಸ್ಕಮ್‌ವಿಎಂ ಎಂಬ ತಂತ್ರಾಂಶವು, ಡಾಸ್‌ಬಾಕ್ಸ್ ಎಂಬ ಇನ್ನೊಂದು ತಂತ್ರಾಂಶದಂತೆ ಹಳೆಯ ಕಂಪ್ಯೂಟರನ್ನೇ ಅನುಕರಿಸದೆ, ಆಟದ ಮೂಲ ಪ್ರೋಗ್ರಾಂನ ಜಾಗದಲ್ಲಿ ತಾನು ನಿಂತು, ಚಿತ್ರ, ಧ್ವನಿ, ಸಂಭಾಷಣೆಗಳಿರುವ ಕಡತಗಳನ್ನು ನೇರವಾಗಿ ಓದಿಕೊಳ್ಳುತ್ತದೆ. ಸಿ.ಡಿ.ಯ ಕಡತಗಳನ್ನು ಒಂದು ಫೋಲ್ಡರಿಗೆ ನಕಲಿಸಿದ್ದಷ್ಟೇ ನನ್ನ ಕೆಲಸ. ನಿರ್ಮಾಪಕರಾದ ರೆವಲ್ಯೂಷನ್ ಸಾಫ್ಟ್‌ವೇರ್ 2003ರಲ್ಲಿ ಈ ಆಟವನ್ನು ಉಚಿತವಾಗಿ ಬಿಡುಗಡೆ ಮಾಡಿದ್ದರಿಂದ, ಸಿ.ಡಿ. ಇಲ್ಲದವರೂ ಇದನ್ನು ಆಡಬಹುದು. ಆ ಔದಾರ್ಯ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ಮೊದಲಿಗೆ ಪಾತ್ರಗಳು ಕುಳ್ಳಗೆ ಕಂಡವು. 320×200 ಅಳತೆಯ ಚಿತ್ರವನ್ನು ಅಂದಿನ 4:3 ಮಾನಿಟರುಗಳು ಮೇಲಕ್ಕೆ ಎಳೆದು ತೋರಿಸುತ್ತಿದ್ದವು. ಸ್ಕಮ್‌ವಿಎಂನಲ್ಲಿ ಆಸ್ಪೆಕ್ಟ್ ರೇಷಿಯೊ (ಅಗಲ-ಎತ್ತರಗಳ ಅನುಪಾತ) ತಿದ್ದುವ ಆಯ್ಕೆಯನ್ನು ಚಾಲೂ ಮಾಡಿದೊಡನೆ, ಚಿತ್ರಕಾರರು ಉದ್ದೇಶಿಸಿದ್ದ ಎತ್ತರ ಮರಳಿತು.

ಹೊಸದಾಗಿ ಚಿತ್ರ ಬರೆಸಿದ ಮರುಬಿಡುಗಡೆಗಳ ಬಗ್ಗೆಯೂ ಕೇಳಿದ್ದೆನಲ್ಲ, ‘ಮಂಕಿ ಐಲ್ಯಾಂಡ್’ ಎಂಬ ಇನ್ನೊಂದು ಹಳೆಯ ಸಾಹಸ ಆಟದ 2009ರ ವಿಶೇಷ ಆವೃತ್ತಿಯಲ್ಲಿ ಒಂದು ಕೀಲಿ ಒತ್ತಿದರೆ ಹಳೆಯ ಚಿತ್ರಗಳೇ ಮರಳುತ್ತವೆ. ಮರುಬಿಡುಗಡೆ ಮಾಡುವವರೆಲ್ಲರೂ ಈ ಸೌಲಭ್ಯವನ್ನು ಉಳಿಸಿಕೊಡಬೇಕೆಂಬುದು ನನ್ನ ದೃಢ ಅಭಿಪ್ರಾಯ.