ಸಂಜೆ ಐದಕ್ಕೆ ಬಂದವನಿಗೂ ಪೂರ್ತಿ ಕೂಲಿನಾ?

ತೋಟದ ರೈಟರ್, ಸಕಲೇಶಪುರ:
ಎಲ್ಲರಿಗೂ ನಮಸ್ಕಾರ. ಭಾನುವಾರ ಪೂಜೆಯಲ್ಲಿ ಬೈಬಲ್‌ನ ಮತ್ತಾಯ 20ರ ದ್ರಾಕ್ಷಿತೋಟದ ಸಾಮತಿ ಓದಿದರು. ಗೊತ್ತಿಲ್ಲದವರಿಗೆ ಕತೆ ಇಷ್ಟೇ. ಯಜಮಾನ ಬೆಳಗ್ಗೆಯೇ ಆಳು ಕರೆಯುತ್ತಾನೆ, ದಿನಕ್ಕೆ ಒಂದು ದಿನಾರಿ ನಾಣ್ಯ ಅಂತ ಮಾತಾಗುತ್ತದೆ. ಒಂಬತ್ತಕ್ಕೆ, ಹನ್ನೆರಡಕ್ಕೆ, ಮೂರಕ್ಕೆ, ಕೊನೆಗೆ ಸಂಜೆ ಐದಕ್ಕೂ ಹೋಗಿ ಇನ್ನಷ್ಟು ಜನರನ್ನು ಕರೆತರುತ್ತಾನೆ. ಬಟವಾಡೆ ಹೊತ್ತಿಗೆ ಎಲ್ಲರಿಗೂ ಅದೇ ಒಂದು ದಿನಾರಿ. ಬೆಳಗ್ಗೆ ಬಂದವರು ಗೊಣಗುತ್ತಾರೆ. ದೇವರ ಕೃಪೆ ಹೀಗೆ ಅಂದರು ಫಾದರ್.

ನಾನು ಕಾಫಿ ತೋಟದಲ್ಲಿ ಹಾಜರಿ ಬರೆಯುವವನು. ಕುಯ್ಲಿನಲ್ಲಿ ಕೆಜಿ ಲೆಕ್ಕ. ಸಂಜೆ ಕಣದಲ್ಲಿ ಚೀಲ ತೂಗುವಾಗ ಅರ್ಧ ಕೆಜಿ ಆಚೀಚೆ ಆದರೂ ಜಗಳ. ಆ ಯಜಮಾನನ ಹಾಗೆ ಮಾಡಿದರೆ ಮಾರನೇ ದಿನ ಐದರವರೆಗೆ ಒಬ್ಬರೂ ತಲೆ ಹಾಕಲ್ಲ. ದೇವರ ಪ್ರೀತಿ ದೊಡ್ಡದು, ಸರಿ. ಬಿಸಿಲಲ್ಲಿ ಬೆಂದವನಿಗೆ ಇದು ಅನ್ಯಾಯ ಅಲ್ವಾ?

ಹಾಸನ ಸಿಎಸ್‌ಐ:
ಬ್ರದರ್, ಕೃಪೆಯನ್ನು ತಕ್ಕಡಿಗೆ ಹಾಕಿದರೆ ಹೀಗೇ ಆಗೋದು. ಬೈಬಲ್‌ನಲ್ಲಿ ಪೌಲನ ಎಫೆಸ ಪತ್ರದ 2:8-9 ಓದಿ. ರಕ್ಷಣೆ ದೇವರು ಕೊಡುವ ವರ, ನಮ್ಮ ದುಡಿಮೆಯ ಫಲ ಅಲ್ಲ, ಯಾರೂ ಜಂಬ ಕೊಚ್ಚಿಕೊಳ್ಳಬಾರದು ಅಂತ ಪೌಲ ಸ್ಪಷ್ಟವಾಗಿ ಹೇಳಿದ್ದಾನೆ. 1517ರಲ್ಲಿ ಪ್ರೊಟೆಸ್ಟೆಂಟ್ ಸುಧಾರಣೆ ಶುರು ಮಾಡಿದ ಲೂಥರ್ ದನಿ ಎತ್ತಿದ್ದು, ಪಾಪದ ಶಿಕ್ಷೆಗೆ ಮಾಫಿಪತ್ರ ಕೊಟ್ಟು ದುಡ್ಡು ತೆಗೆದುಕೊಳ್ಳುತ್ತಿದ್ದರು ಅಂತ. ನಿಮ್ಮ ಕಡೆ, ಕ್ಯಾಥೋಲಿಕರಲ್ಲಿ, ನೊವೇನಾ (ಒಂಬತ್ತು ದಿನದ ಪ್ರಾರ್ಥನೆ) ಎಷ್ಟು, ಉಪವಾಸ ಎಷ್ಟು ಅಂತ ಲೆಕ್ಕ ಇಡುವ ಅಭ್ಯಾಸ ಜಾಸ್ತಿ. ಅದಕ್ಕೇ ಈ ಕತೆ ಚುಚ್ಚುತ್ತೆ.

ಮೂಡಿಗೆರೆ ಟೀಚರ್:
ಈ 'ನಿಮ್ಮ ಕಡೆ' ಮಾತು ಬೇಡ ಸರ್. ನಮ್ಮ ಕ್ಯಾಥೋಲಿಕ್ ಬಿಷಪರ ಟ್ರೆಂಟ್ ಸಭೆ 1547ರಲ್ಲೇ ಹೇಳಿದೆ: ಮೊದಲ ಹೆಜ್ಜೆ ದೇವರದ್ದು, ಅದಕ್ಕೆ ನಮ್ಮ ಯೋಗ್ಯತೆ ಕಾರಣ ಅಲ್ಲ. ಕರೆದಾಗ ಮನುಷ್ಯ ಓಗೊಡಬೇಕು ಅನ್ನೋದು ನಾವು ಸೇರಿಸುವ ಮಾತು. 1999ರ ಅಕ್ಟೋಬರ್ 31ಕ್ಕೆ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಕ್ಯಾಥೋಲಿಕರೂ ಲೂಥರನ್ನರೂ ಈ ಬಗ್ಗೆ ಒಂದೇ ಹೇಳಿಕೆಗೆ ಸಹಿ ಹಾಕಿದರು. 2006ರಲ್ಲಿ ಇನ್ನೊಂದು ಪ್ರೊಟೆಸ್ಟೆಂಟ್ ಪಂಗಡದ ಮೆಥಡಿಸ್ಟರೂ ಸೇರಿಕೊಂಡರು. 1947ರಲ್ಲಿ ನಿಮ್ಮ ಸಿಎಸ್‌ಐ (ದಕ್ಷಿಣ ಭಾರತ ಸಭೆ) ಆದಾಗ ಕೂಡಿದ ಸಭೆಗಳಲ್ಲಿ ಮೆಥಡಿಸ್ಟರೂ ಇದ್ದರು, ನೆನಪಿರಲಿ.

ಈಗ ರೈಟರ್ ಅಣ್ಣನಿಗೆ. ಇಡೀ ದಿನ ಯಾಕೆ ಸುಮ್ನೆ ನಿಂತಿದ್ದೀರಿ ಅಂತ ಯಜಮಾನ ಐದು ಗಂಟೆಗೆ ಕೇಳುತ್ತಾನೆ. ನಮ್ಮನ್ನು ಯಾರೂ ಕರೆಯಲಿಲ್ಲ ಅನ್ನುತ್ತಾರೆ. ಸೋಮಾರಿಗಳು ಅಂತ ಕತೆಯಲ್ಲಿ ಎಲ್ಲೂ ಇಲ್ಲ. ಕುಯ್ಲಿನ ಕಾಲದಲ್ಲಿ ಬೆಳಗ್ಗೆ ನಮ್ಮ ಬಸ್ ಸ್ಟ್ಯಾಂಡ್ ಹತ್ತಿರ ಬಂದು ನೋಡಿ. ಪಿಕಪ್‌ನವರು ಗಟ್ಟಿ ಆಳುಗಳನ್ನು ಹತ್ತಿಸಿಕೊಂಡು ಹೊರಟುಬಿಡುತ್ತಾರೆ. ಎಂಟೂವರೆಗೆ ಉಳಿಯುವವರು ಯಾರು? ಮಂಡಿನೋವಿನ ಅಜ್ಜಿ, ಕಂಕುಳಲ್ಲಿ ಕೂಸು ಇರುವವಳು, ಹಿಂದಿನ ದಿನ ಕಡಿಮೆ ಕುಯ್ದವನು. ಬುತ್ತಿ ಡಬ್ಬಿ ಕೈಯಲ್ಲೇ ಇರುತ್ತದೆ. ದಿನಾರಿ ಅಂದರೆ ಒಂದು ದಿನದ ಕೂಲಿ. ಒಂದು ಗಂಟೆಗೆ ಅದರ ಹನ್ನೆರಡನೇ ಒಂದು ಪಾಲು ಕೊಟ್ಟಿದ್ದರೆ ನಿಮ್ಮ ಪುಸ್ತಕದ ಲೆಕ್ಕ ಸರಿ, ಅವನ ಮಕ್ಕಳು ಉಪವಾಸ.

ಬೇಲೂರು ರಸ್ತೆ:
ನನಗೆ ದೇವರಲ್ಲಿ ನಂಬಿಕೆ ಇಲ್ಲ, ಆದರೂ ಕೇಳ್ತೀನಿ. ಬಡ ಆಳಿನ ಕತೆ ಹೇಳಿದರೆ ಯಾರಿಗಾದರೂ ಕರುಳು ಚುರ್ ಅನ್ನುತ್ತೆ. ಜೀವನಪೂರ್ತಿ ಊರಿಗೆಲ್ಲ ಮೋಸ ಮಾಡಿ, ಸಾಯುವ ಮುಂಚೆ 'ತಪ್ಪಾಯ್ತು ಸ್ವಾಮಿ' ಅಂದವನಿಗೂ ಇದೇ ಕೂಲಿ ತಾನೆ? ಯೇಸುವಿನ ಪಕ್ಕದ ಶಿಲುಬೆಯ ಮೇಲಿದ್ದ ಕಳ್ಳನಿಗೆ ಸೀದಾ ಸ್ವರ್ಗ. ಅವನಿಂದ ಪೆಟ್ಟು ತಿಂದವರು ಏನಾದರು?

ಹಾಸನ ಸಿಎಸ್‌ಐ:
ಲೂಕ 23 ಇನ್ನೊಮ್ಮೆ ನೋಡಿ. ಯೇಸು ಅವನಿಗೆ ಪರದೈಸಿನ ಮಾತು ಕೊಟ್ಟ, ಶಿಲುಬೆಯಿಂದ ಇಳಿಸಲಿಲ್ಲ. ನಮಗೆ ತಕ್ಕ ಶಿಕ್ಷೆಯೇ ಸಿಕ್ಕಿದೆ ಅಂತ ಆ ಕಳ್ಳನೇ ಒಪ್ಪಿಕೊಳ್ಳುತ್ತಾನೆ. ಕ್ಷಮೆ ಸಿಕ್ಕಿತು ಅಂದರೆ ಕೋರ್ಟು, ಪೊಲೀಸು ಬಾಗಿಲು ಮುಚ್ಚಬೇಕು ಅಂತಲ್ಲ. ಕೃಪೆ ಜಾಸ್ತಿ ಆಗಲಿ ಅಂತ ಪಾಪ ಮಾಡ್ತಾ ಇರೋಣವೇ ಅನ್ನುವ ನಿಮ್ಮ ಪ್ರಶ್ನೆಯನ್ನು ಪೌಲನೇ ರೋಮಾ 6ರಲ್ಲಿ ಎತ್ತಿ, ಎಂದಿಗೂ ಇಲ್ಲ ಅಂದಿದ್ದಾನೆ.

ಬೇಲೂರು ರಸ್ತೆ:
ಕಳ್ಳನ ಮಾತು ಒಪ್ಪಿದೆ. ಪೆಟ್ಟು ತಿಂದವರ ಬಗ್ಗೆ ನೀವು ಏನೂ ಹೇಳಲಿಲ್ಲ.

ಶಾಂತಿಗ್ರಾಮದವರು:
ನಡುವೆ ಬಾಯಿ ಹಾಕ್ತೀನಿ, ಬೇಜಾರಾಗಬೇಡಿ. ಶ್ರೀವೈಷ್ಣವರಲ್ಲೂ ಇದೇ ಜಗಳ ಇದೆ. ಕೋತಿಮರಿ ತಾಯಿಯನ್ನು ತಾನೇ ಗಟ್ಟಿಯಾಗಿ ಹಿಡಿದುಕೊಳ್ಳುತ್ತೆ, ಹಾಗೆ ಭಕ್ತನ ಪ್ರಯತ್ನವೂ ಬೇಕು ಅಂತ ವಡಗಲೆಯವರು. ಬೆಕ್ಕಿನಮರಿಯನ್ನು ತಾಯಿಯೇ ಕಚ್ಚಿಕೊಂಡು ಹೋಗುತ್ತೆ, ಮರಿ ಸುಮ್ಮನಿದ್ದರೆ ಸಾಕು ಅಂತ ತೆಂಗಲೆಯವರು. ಟೀಚರ್ ಕೋತಿ ಪಕ್ಷ, ಹಾಸನದವರು ಬೆಕ್ಕಿನ ಪಕ್ಷ ಅನ್ನಿಸಿತು. ನಾವಿನ್ನೂ ಯಾವ ಹೇಳಿಕೆಗೂ ಸಹಿ ಹಾಕಿಲ್ಲ 😄

ಮೂಡಿಗೆರೆ ಟೀಚರ್:
ಕೋತಿ ಅಂದಿದ್ದಕ್ಕೆ ಕೋಪ ಇಲ್ಲ ಸ್ವಾಮಿ.

ತೋಟದ ರೈಟರ್, ಸಕಲೇಶಪುರ:
ಟೀಚರ್, ಐದು ಗಂಟೆಯವನ ಪಾಡು ಅರ್ಥವಾಯಿತು. ಪಿಕಪ್ ಕಳಿಸುವವರಲ್ಲಿ ನಾನೂ ಒಬ್ಬ. ಆದರೆ ಬೆಳಗ್ಗೆ ಬಂದವನ ಮುಖಕ್ಕೆ ಯಾರೂ ಉತ್ತರ ಕೊಡ್ತಿಲ್ಲ. ಇನ್ನೊಂದು ಗಮನಿಸಿ. ಕೊನೆಗೆ ಬಂದವರಿಂದ ಶುರು ಮಾಡಿ ಕೂಲಿ ಕೊಡು ಅಂತ ಯಜಮಾನನೇ ಪಾರುಪತ್ಯಗಾರನಿಗೆ ಹೇಳುತ್ತಾನೆ. ಮೊದಲಿನವರಿಗೆ ಮೊದಲು ಕೊಟ್ಟು ಮನೆಗೆ ಕಳಿಸಿದ್ದರೆ ಗಲಾಟೆಯೇ ಇರಲಿಲ್ಲ. ನಾನಾದರೆ ಹಾಗೇ ಮಾಡ್ತಿದ್ದೆ.

ಮೂಡಿಗೆರೆ ಟೀಚರ್:
ಅವರು ನೋಡಲಿ ಅಂತಲೇ ಹಾಗೆ ಮಾಡಿದ ಅನ್ನಿಸುತ್ತೆ. ಕದ್ದುಮುಚ್ಚಿ ಕೊಟ್ಟಿದ್ದರೆ, ಇಡೀ ದಿನ ಎಂಥ ಯಜಮಾನನ ಕೆಳಗೆ ದುಡಿದೆವು ಅಂತ ಅವರಿಗೆ ಗೊತ್ತೇ ಆಗುತ್ತಿರಲಿಲ್ಲ. ಅವರ ಕೂಲಿಯಲ್ಲಿ ಒಂದು ಪೈಸೆ ಮುರಿದಿಲ್ಲ. ಲೂಕ 15ರ ದುಂದುಗಾರ ಮಗನ ಕತೆಯೂ ಹೀಗೇ. ಪಾಲಿನ ದುಡ್ಡು ಕಳೆದು ವಾಪಸು ಬಂದ ಚಿಕ್ಕವನು ಒಳಗೆ ಊಟಕ್ಕೆ ಕೂತಿದ್ದಾನೆ. ಮನೆಯಲ್ಲೇ ದುಡಿದ ದೊಡ್ಡವನು ಮುನಿಸಿಕೊಂಡು ಅಂಗಳದಲ್ಲಿ ನಿಂತಿದ್ದಾನೆ, ಅಪ್ಪ ಹೊರಗೆ ಬಂದು ಅವನನ್ನು ಬೇಡಿಕೊಳ್ಳುತ್ತಿದ್ದಾನೆ. ದೊಡ್ಡವನು ಒಳಗೆ ಹೋದನೋ ಇಲ್ಲವೋ, ಲೂಕ ಬರೆದಿಲ್ಲ. ಬೇಲೂರು ರಸ್ತೆಯವರ ಪ್ರಶ್ನೆಗೂ ನಾನು ಇಷ್ಟೇ ಹೇಳಬಲ್ಲೆ: ಪೆಟ್ಟು ತಿಂದವರ ಹತ್ತಿರ ಅಪ್ಪ ಹೀಗೆ ಹೊರಗೆ ಬಂದು ನಿಲ್ಲುತ್ತಾನೆ ಅಂತ ನನ್ನ ನಂಬಿಕೆ. ಅವರ ಪರವಾಗಿ ಕ್ಷಮಿಸಿಬಿಡಿ ಅನ್ನೋಕೆ ನನಗೆ ಹಕ್ಕಿಲ್ಲ.

ಬೇಲೂರು ರಸ್ತೆ:
ಈ ಕೊನೆ ಸಾಲಿಗೆ ನನ್ನದೊಂದು ಲೈಕ್. ಉಳಿದದ್ದಕ್ಕೆ ಇಲ್ಲ.

ತೋಟದ ರೈಟರ್, ಸಕಲೇಶಪುರ:
ನೀವು ಏನೇ ಹೇಳಿ, ಬಟವಾಡೆ ವಿಷಯದಲ್ಲಿ ಆ ಯಜಮಾನ ನನ್ನ ಮಾತು ಕೇಳಬೇಕಿತ್ತು.