ಐಸಿಯುವಿನ ಸೆಪ್ಸಿಸ್ ಮತ್ತು ಸಂಶೋಧನೆ: ನಮ್ಮ ಗುಂಪಿನ ಕೊಡಗಿನ ಸದಸ್ಯರ ಪ್ರಶ್ನೆಗಳಿಗೆ ತೀವ್ರ ನಿಗಾ ತಜ್ಞರ ಉತ್ತರ

ಪ್ರಶ್ನೆ (ಗೋಣಿಕೊಪ್ಪಲಿನ ಬೆಳೆಗಾರರು): ನಮ್ಮ ಭಾವನವರಿಗೆ ಗದ್ದೆ ನಾಟಿಯ ಸಮಯದಲ್ಲಿ ಜ್ವರ ಬಂತು. ಅಂಗಡಿಯಿಂದ ಮಾತ್ರೆ ತಂದು ನುಂಗಿ ಕೆಲಸ ಮುಂದುವರಿಸಿದರು. ಕೆಲವೇ ದಿನಗಳಲ್ಲಿ ಏದುಸಿರು ಬಂದು, ಮಾತು ತೊದಲಿ, ಮೂತ್ರ ಕಡಿಮೆಯಾಯಿತು. ಈಗ ಮೈಸೂರಿನ ಒಂದು ಆಸ್ಪತ್ರೆಯ ಐಸಿಯುವಿನಲ್ಲಿದ್ದಾರೆ. ವೈದ್ಯರು ಸೆಪ್ಸಿಸ್ ಎನ್ನುತ್ತಾರೆ. ಆದರೆ ರಕ್ತದ ಕಲ್ಚರ್ ವರದಿಯಲ್ಲಿ ಯಾವ ರೋಗಾಣುವೂ ಬೆಳೆದಿಲ್ಲ ಎಂದಿದೆ. ರೋಗಾಣುವೇ ಸಿಗದಿದ್ದರೆ ಸೆಪ್ಸಿಸ್ ಎಂದು ಯಾವ ಆಧಾರದ ಮೇಲೆ ಹೇಳುತ್ತಾರೆ?

ಉತ್ತರ: ರಕ್ತದಲ್ಲಿ ರೋಗಾಣು ಸಿಕ್ಕಿತೇ ಇಲ್ಲವೇ ಎಂಬುದರಿಂದ ಸೆಪ್ಸಿಸ್ ನಿರ್ಧಾರವಾಗುವುದಿಲ್ಲ. 2016ರಲ್ಲಿ ಅಂತರರಾಷ್ಟ್ರೀಯ ತಜ್ಞರ ತಂಡವೊಂದು ಪ್ರಕಟಿಸಿದ, ಈಗ ಬಹುತೇಕ ಎಲ್ಲ ಐಸಿಯುಗಳೂ ಅನುಸರಿಸುವ ವ್ಯಾಖ್ಯೆಯ ಪ್ರಕಾರ, ಸೋಂಕಿನ ವಿರುದ್ಧ ದೇಹ ಹೂಡುವ ಹೋರಾಟವೇ ಹತೋಟಿ ತಪ್ಪಿ, ಅದರಿಂದ ಅಂಗಾಂಗಗಳು ಪ್ರಾಣಾಪಾಯದ ಮಟ್ಟಕ್ಕೆ ಕೆಟ್ಟಿರುವ ಸ್ಥಿತಿಯನ್ನು ಸೆಪ್ಸಿಸ್ ಎನ್ನುತ್ತೇವೆ. ಶ್ವಾಸಕೋಶ, ರಕ್ತದ ಪ್ಲೇಟ್‌ಲೆಟ್, ಯಕೃತ್ತು, ರಕ್ತದೊತ್ತಡ, ಪ್ರಜ್ಞೆ, ಮೂತ್ರಪಿಂಡ ಈ ಆರಕ್ಕೂ 0ಯಿಂದ 4ರವರೆಗೆ ಅಂಕ ಕೊಡುವ ಸೋಫಾ ಎಂಬ ಪಟ್ಟಿಯಿದೆ. ಸೋಂಕಿನ ಗುಮಾನಿಯಿರುವ ರೋಗಿಯಲ್ಲಿ ಈ ಅಂಕ 2 ಅಥವಾ ಅದಕ್ಕಿಂತ ಹೆಚ್ಚು ಏರಿದರೆ ಸೆಪ್ಸಿಸ್ ಎಂದು ಪರಿಗಣಿಸುತ್ತೇವೆ. ತಾವು ವಿವರಿಸಿದ ಏದುಸಿರು, ತೊದಲು ಮಾತು, ಮೂತ್ರದ ಕೊರತೆ ಇವು ಮೂರು ಬೇರೆ ಬೇರೆ ಅಂಗಗಳ ದೂರುಗಳು.

ಸೆಪ್ಸಿಸ್ ಆದವರಲ್ಲಿ ಮೂರನೆಯ ಒಂದು ಭಾಗದಷ್ಟು ಮಂದಿಯಲ್ಲಿ, ಕೆಲವು ಅಧ್ಯಯನಗಳಲ್ಲಿ ಅದಕ್ಕಿಂತಲೂ ಹೆಚ್ಚು ಮಂದಿಯಲ್ಲಿ, ಕಲ್ಚರ್‌ನಲ್ಲಿ ಏನೂ ಬೆಳೆಯುವುದಿಲ್ಲ. ಅಂಗಡಿಯಿಂದ ತಂದ ಮಾತ್ರೆಗಳಲ್ಲಿ ಆ್ಯಂಟಿಬಯೋಟಿಕ್ ಇದ್ದಿದ್ದರೆ ಅದೊಂದೇ ಸಾಕು, ರಕ್ತದ ಬಾಟಲಿಯಲ್ಲಿ ರೋಗಾಣು ತಲೆ ಎತ್ತದಿರಲು. ನಮ್ಮ ಸೀಮೆಗೆ ಇನ್ನೊಂದು ಕಾರಣ ಹೆಚ್ಚು ಮುಖ್ಯ. ಪೊದೆಗಳಲ್ಲಿನ ಸಣ್ಣ ಹುಳು ಕಚ್ಚಿ ಬರುವ ಸ್ಕ್ರಬ್ ಟೈಫಸ್ ಜ್ವರದ ರೋಗಾಣು ಜೀವಕೋಶದ ಒಳಗೇ ಬದುಕುವಂಥದ್ದು, ಸಾಮಾನ್ಯ ಕಲ್ಚರ್‌ನಲ್ಲಿ ಎಂದಿಗೂ ಬೆಳೆಯದು. ಇಲಿಜ್ವರದ ಲೆಪ್ಟೊಸ್ಪೈರಾ ಬೆಳೆಯಲು ವಿಶೇಷ ಮಾಧ್ಯಮವೂ ವಾರಗಟ್ಟಲೆ ಕಾಲವೂ ಬೇಕು. ಕೆಸರುಗದ್ದೆಯಲ್ಲಿ ಬರಿಗಾಲಲ್ಲಿ ನಿಂತವರು, ಪೊದೆ ಕಳೆ ಕಿತ್ತವರು ಜ್ವರದಿಂದ ಐಸಿಯುವಿಗೆ ಬಂದಾಗ, ಕಲ್ಚರ್ ವರದಿ ನೆಗೆಟಿವ್ ಎಂದ ಮಾತ್ರಕ್ಕೆ ಸೋಂಕಿಲ್ಲ ಎಂದು ಭಾವಿಸುವುದು ಅಪಾಯಕರ.

ತಾವು ಅಲ್ಲಿನ ವೈದ್ಯರಲ್ಲಿ ಎರಡು ವಿಷಯ ವಿಚಾರಿಸಬಹುದು. ಸ್ಕ್ರಬ್ ಟೈಫಸ್ ಮತ್ತು ಇಲಿಜ್ವರಕ್ಕೆ ಐಜಿಎಂ (ಸೋಂಕಿಗೆ ದೇಹ ಮೊದಲು ತಯಾರಿಸುವ ಪ್ರತಿಕಾಯ) ಪರೀಕ್ಷೆ ಕಳುಹಿಸಿದ್ದಾರೆಯೇ ಎಂಬುದು ಒಂದು. ಮೈಯನ್ನು ಪೂರ್ತಿ ತೆರೆದು ಹುಡುಕಿದ್ದಾರೆಯೇ ಎಂಬುದು ಇನ್ನೊಂದು. ಸ್ಕ್ರಬ್ ಟೈಫಸ್‌ನಲ್ಲಿ ಚಿಗ್ಗರ್ ಎಂಬ ಅತಿಸಣ್ಣ ಮೈಟ್ ಮರಿಹುಳು ಕಚ್ಚಿದ ಜಾಗದಲ್ಲಿ ಬೀಡಿಯಿಂದ ಸುಟ್ಟಂಥ ಕಪ್ಪು ಹಕ್ಕಳೆ, ಅದರ ಸುತ್ತ ಕೆಂಪು ಅಂಚು ಕಾಣಿಸುತ್ತದೆ. ಅದಕ್ಕೆ ನೋವಿಲ್ಲ, ತುರಿಕೆಯೂ ಇಲ್ಲ. ಹಾಗಾಗಿ ರೋಗಿಗೇ ಅದರ ಅರಿವಿರುವುದಿಲ್ಲ. ಕಂಕುಳು, ತೊಡೆಸಂದು, ಸ್ತನದ ಕೆಳಗೆ, ಪಂಚೆ ಅಥವಾ ಸೀರೆಯ ಗಂಟು ಕೂರುವ ಸೊಂಟದ ಸುತ್ತ ನೋಡದೆ ಅದು ಸಿಗದು. ಎಲ್ಲ ರೋಗಿಗಳಲ್ಲೂ ಅದು ಇರುವುದಿಲ್ಲ, ಆದರೆ ಇದ್ದಾಗ ಯಾವ ದುಬಾರಿ ಪರೀಕ್ಷೆಗಿಂತಲೂ ಬೇಗ ಉತ್ತರ ಕೊಡುತ್ತದೆ.

ಈ ರೋಗದ ವಿಷಯದಲ್ಲಿ ನಮ್ಮ ದೇಶದಲ್ಲೇ ನಡೆದ ಒಂದು ಒಳ್ಳೆಯ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ (ಸಿಎಂಸಿ) ವೈದ್ಯರ ನೇತೃತ್ವದಲ್ಲಿ, ತೀವ್ರ ಸ್ಕ್ರಬ್ ಟೈಫಸ್ ಆದ 794 ರೋಗಿಗಳಿಗೆ ರಕ್ತನಾಳದ ಮೂಲಕ ಡಾಕ್ಸಿಸೈಕ್ಲಿನ್ ಮಾತ್ರ, ಅಜಿತ್ರೊಮೈಸಿನ್ ಮಾತ್ರ, ಇಲ್ಲವೇ ಎರಡನ್ನೂ ಕೊಟ್ಟು ಹೋಲಿಸಿದರು. ಸಾವು, ಒಂದು ವಾರದ ನಂತರವೂ ಉಳಿದ ತೊಡಕು, ಐದು ದಿನದ ನಂತರವೂ ಇಳಿಯದ ಜ್ವರ ಇವನ್ನೆಲ್ಲ ಒಟ್ಟಿಗೆ ಲೆಕ್ಕ ಹಾಕಿದಾಗ, ಎರಡೂ ಔಷಧ ಪಡೆದವರಲ್ಲಿ ಶೇ. 33, ಒಂದೊಂದೇ ಪಡೆದವರಲ್ಲಿ ಶೇ. 47 ಮತ್ತು 48 ಮಂದಿ ಅದಕ್ಕೆ ಗುರಿಯಾದರು. ಸಾವಿನ ಪ್ರಮಾಣವನ್ನಷ್ಟೇ ನೋಡಿದರೆ ಮೂರು ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ ಎಂಬುದನ್ನೂ ಸೇರಿಸಿ ಹೇಳಬೇಕು. ಆದರೂ ಕೊಡಗಿನ ವೈದ್ಯನಿಗೆ ಹತ್ತು ವಿದೇಶಿ ಅಧ್ಯಯನಗಳಿಗಿಂತ ಇದೊಂದು ಹೆಚ್ಚು ಉಪಯುಕ್ತ ಎಂಬುದು ನನ್ನ ಅಭಿಪ್ರಾಯ.

ಪ್ರಶ್ನೆ (ಸೋಮವಾರಪೇಟೆಯ ಔಷಧ ವ್ಯಾಪಾರಿ): ವಿಟಮಿನ್ ಸಿಯನ್ನು ರಕ್ತನಾಳಕ್ಕೆ ಹೆಚ್ಚು ಪ್ರಮಾಣದಲ್ಲಿ ಕೊಟ್ಟರೆ ಸೆಪ್ಸಿಸ್ ವಾಸಿಯಾಗುತ್ತದೆ ಎಂಬ ವಿಡಿಯೊ ನಮ್ಮ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಅಗ್ಗದ ಔಷಧವಾದ್ದರಿಂದ ದೊಡ್ಡ ಆಸ್ಪತ್ರೆಗಳು ಮುಚ್ಚಿಡುತ್ತಿವೆ ಎಂದೂ ಹೇಳುತ್ತಾರೆ. ಇದರಲ್ಲಿ ಎಷ್ಟು ನಿಜ?

ಉತ್ತರ: ಯಾರೂ ಮುಚ್ಚಿಟ್ಟಿಲ್ಲ. ಪರೀಕ್ಷಿಸಿ ನೋಡಿ, ಫಲವಿಲ್ಲವೆಂದು ಕೈಬಿಟ್ಟಿದ್ದಾರೆ. 2017ರಲ್ಲಿ ಅಮೆರಿಕದ ಒಂದೇ ಆಸ್ಪತ್ರೆಯಿಂದ ಒಂದು ವರದಿ ಬಂತು. ವಿಟಮಿನ್ ಸಿ, ಥಯಾಮಿನ್ ಮತ್ತು ಹೈಡ್ರೊಕಾರ್ಟಿಸೋನ್ ಪಡೆದ 47 ರೋಗಿಗಳಲ್ಲಿ ಶೇ. 8.5ರಷ್ಟು, ಅದಕ್ಕೂ ಹಿಂದಿನ ತಿಂಗಳುಗಳಲ್ಲಿ ದಾಖಲಾಗಿದ್ದ 47 ರೋಗಿಗಳಲ್ಲಿ ಶೇ. 40.4ರಷ್ಟು ಸಾವು ಸಂಭವಿಸಿತ್ತು. ಹಳೆಯ ರೋಗಿಗಳನ್ನೂ ಹೊಸ ರೋಗಿಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದ ಲೆಕ್ಕ ಇದು. ಯಾರಿಗೆ ಔಷಧ ಸಿಗಬೇಕೆಂದು ಚೀಟಿ ಎತ್ತಿದ್ದಲ್ಲ. ಚೀಟಿ ಎತ್ತುವ ಕ್ರಮದಲ್ಲಿ, ಎಂದರೆ ರ‍್ಯಾಂಡಮೈಸ್ ಮಾಡಿ ನಡೆಸಿದ ಅಧ್ಯಯನಗಳಲ್ಲಿ ಆ ಪವಾಡ ಮತ್ತೆ ಕಾಣಲಿಲ್ಲ. 2022ರಲ್ಲಿ ಪ್ರಕಟವಾದ ಲೊವಿಟ್ ಅಧ್ಯಯನದಲ್ಲಿ 872 ರೋಗಿಗಳಿದ್ದರು. 28ನೆಯ ದಿನದ ಹೊತ್ತಿಗೆ ಸತ್ತವರು ಮತ್ತು ಇನ್ನೂ ಉಸಿರಾಟದ ಯಂತ್ರ, ಡಯಾಲಿಸಿಸ್ ಅಥವಾ ರಕ್ತದೊತ್ತಡದ ಔಷಧದ ಆಸರೆಯಲ್ಲೇ ಇದ್ದವರು ವಿಟಮಿನ್ ಸಿ ಪಡೆದವರಲ್ಲಿ ಶೇ. 44.5, ಪಡೆಯದವರಲ್ಲಿ ಶೇ. 38.5. ಸಹಾಯವಾಗುವುದಿರಲಿ, ಹಾನಿಯ ಸುಳಿವೇ ಕಂಡಿತು.

ದುಬಾರಿ ಔಷಧಕ್ಕೂ ಇದೇ ಗತಿಯಾಗಿದೆ ಎಂಬುದು ವಿಡಿಯೊ ಮಾಡಿದವರಿಗೆ ಬಹುಶಃ ತಿಳಿದಿಲ್ಲ. ಸಿಗ್ರಿಸ್ ಎಂಬ ಹೆಸರಿನಲ್ಲಿ ಮಾರಾಟವಾಗುತ್ತಿದ್ದ ಆ್ಯಕ್ಟಿವೇಟೆಡ್ ಪ್ರೋಟೀನ್ ಸಿ, 2001ರ ಅಧ್ಯಯನದಲ್ಲಿ ಸಾವನ್ನು ಶೇ. 30.8ರಿಂದ ಶೇ. 24.7ಕ್ಕೆ ಇಳಿಸಿದಂತೆ ಕಂಡು, ಸೆಪ್ಸಿಸ್‌ಗೆಂದೇ ಮಂಜೂರಾತಿ ಪಡೆದ ಮೊದಲ ಔಷಧವಾಯಿತು. ಹತ್ತು ವರ್ಷದ ನಂತರ ಮರುಪರೀಕ್ಷೆಯಲ್ಲಿ ಪ್ರಯೋಜನ ಕಾಣದಿದ್ದಾಗ, 2011ರಲ್ಲಿ ತಯಾರಕರೇ ಅದನ್ನು ಜಗತ್ತಿನ ಮಾರುಕಟ್ಟೆಯಿಂದ ಹಿಂತೆಗೆದುಕೊಂಡರು.

ಹೀಗೇಕಾಗುತ್ತದೆ ಎಂದರೆ, ಸೆಪ್ಸಿಸ್ ಒಂದೇ ರೋಗವಲ್ಲ. ಮೂತ್ರದ ಸೋಂಕಿನಿಂದ ಬಂದ ಎಪ್ಪತ್ತರ ಮಧುಮೇಹಿ, ಕರುಳು ತೂತಾದ ಯುವಕ, ಹೆರಿಗೆಯ ನಂತರ ನಂಜೇರಿದ ತಾಯಿ, ಇಲಿಜ್ವರದ ಕಾರ್ಮಿಕ, ಈ ಎಲ್ಲರನ್ನೂ ಅಧ್ಯಯನದ ದಾಖಲೆಯಲ್ಲಿ ಒಂದೇ ಹೆಸರಿನಡಿ ಬರೆಯುತ್ತೇವೆ. ಒಬ್ಬನಲ್ಲಿ ರೋಗನಿರೋಧಕ ಶಕ್ತಿ ಉಕ್ಕಿ ಹರಿಯುತ್ತಿರುತ್ತದೆ, ಇನ್ನೊಬ್ಬನಲ್ಲಿ ಅದು ಆಗಲೇ ಸೋತು ಮಲಗಿರುತ್ತದೆ. ಇಬ್ಬರಿಗೂ ಒಂದೇ ಔಷಧ ಕೊಟ್ಟರೆ ಒಬ್ಬನಿಗಾದ ಲಾಭ ಇನ್ನೊಬ್ಬನಿಗಾದ ನಷ್ಟದಲ್ಲಿ ಮುಳುಗಿಹೋಗುತ್ತದೆ. 2019ರಲ್ಲಿ ಅಮೆರಿಕದ ಸಂಶೋಧಕರು ಸಾವಿರಾರು ರೋಗಿಗಳ ದಾಖಲೆಗಳನ್ನು ಕಂಪ್ಯೂಟರಿನಿಂದ ಜಾಲಾಡಿ ಸೆಪ್ಸಿಸ್‌ನಲ್ಲಿ ನಾಲ್ಕು ಬಗೆಗಳನ್ನು ಗುರುತಿಸಿದರು. ರೋಗಿಯ ಬಗೆ ನೋಡಿ ಔಷಧ ಕೊಡುವ ದಿಕ್ಕಿನಲ್ಲಿ ಈಗಿನ ಸಂಶೋಧನೆ ಸಾಗುತ್ತಿದೆ. ಹಾಸಿಗೆಯ ಪಕ್ಕದಲ್ಲಿ ದಿನನಿತ್ಯ ಬಳಸುವ ಹಂತಕ್ಕೆ ಅದಿನ್ನೂ ಬಂದಿಲ್ಲ.

ಪ್ರಶ್ನೆ (ವಿರಾಜಪೇಟೆ ಕಡೆಯ ಶುಶ್ರೂಷಕಿ): ನಮ್ಮದು ಸಣ್ಣ ಆಸ್ಪತ್ರೆ. ಬಿಪಿ ಬಿದ್ದ ಸೆಪ್ಸಿಸ್ ರೋಗಿಯನ್ನು ಮೈಸೂರಿಗೆ ಕಳುಹಿಸುವ ಮುನ್ನ ಎಷ್ಟು ಡ್ರಿಪ್ ಹಾಕಬೇಕು ಎಂಬ ವಿಷಯದಲ್ಲಿ ಒಬ್ಬೊಬ್ಬ ವೈದ್ಯರು ಒಂದೊಂದು ಹೇಳುತ್ತಾರೆ. ಸಂಶೋಧನೆ ಏನು ಹೇಳುತ್ತದೆ?

ಉತ್ತರ: ವೈದ್ಯರಲ್ಲಿ ಒಮ್ಮತವಿಲ್ಲದಿರಲು ಕಾರಣ, ಸಂಶೋಧನೆಯಲ್ಲೇ ಒಮ್ಮತವಿಲ್ಲ. 2021ರ ಅಂತರರಾಷ್ಟ್ರೀಯ ಮಾರ್ಗಸೂಚಿ, ಮೊದಲ ಮೂರು ಗಂಟೆಗಳಲ್ಲಿ ದೇಹತೂಕದ ಪ್ರತಿ ಕಿಲೊಗೆ ಕನಿಷ್ಠ 30 ಮಿಲಿ ದ್ರವ ಕೊಡಬಹುದೆಂದು ಸೂಚಿಸುತ್ತದೆ, ಆದರೆ ಅದನ್ನು ದುರ್ಬಲ ಶಿಫಾರಸು ಎಂದೇ ನಮೂದಿಸಿದೆ. ಈ ಲೆಕ್ಕದ ಹಿಂದಿರುವುದು ಹೆಚ್ಚಾಗಿ ಸುಸಜ್ಜಿತ ಐಸಿಯುಗಳ ಅನುಭವ.

ವೆಂಟಿಲೇಟರ್ ವಿರಳವಾದ ಕಡೆ ಚಿತ್ರ ಬೇರೆಯಾಗಿದೆ. 2011ರಲ್ಲಿ ಕೀನ್ಯಾ, ಉಗಾಂಡಾ, ತಾಂಜಾನಿಯಾಗಳ ಮೂರು ಸಾವಿರಕ್ಕೂ ಹೆಚ್ಚು ಮಕ್ಕಳ ಮೇಲೆ ನಡೆದ ಫೀಸ್ಟ್ ಅಧ್ಯಯನದಲ್ಲಿ, ತೀವ್ರ ಜ್ವರದಿಂದ ರಕ್ತಸಂಚಾರ ಕುಗ್ಗಿದ್ದ ಮಕ್ಕಳಿಗೆ ವೇಗವಾಗಿ ದ್ರವ ಕೊಟ್ಟಾಗ 48 ಗಂಟೆಗಳೊಳಗೆ ಸತ್ತವರು ಸುಮಾರು ಶೇ. 10.5, ಹಾಗೆ ಕೊಡದಿದ್ದಾಗ ಶೇ. 7.3. 2017ರಲ್ಲಿ ಪ್ರಕಟವಾದ ಜಾಂಬಿಯಾದ ಅಧ್ಯಯನ ವಯಸ್ಕರದ್ದು. ಬಿಪಿ ಬಿದ್ದ ಸೆಪ್ಸಿಸ್ ರೋಗಿಗಳಿಗೆ ನಿಗದಿತ ಕ್ರಮದಲ್ಲಿ ಬೇಗ ಬೇಗ ದ್ರವ ಮತ್ತು ಔಷಧ ಕೊಟ್ಟ ಗುಂಪಿನಲ್ಲಿ ಶೇ. 48.1, ಮಾಮೂಲು ಚಿಕಿತ್ಸೆಯ ಗುಂಪಿನಲ್ಲಿ ಶೇ. 33 ಮಂದಿ ಆಸ್ಪತ್ರೆಯಲ್ಲಿ ಸತ್ತರು. ಅಲ್ಲಿನ ರೋಗಿಗಳಲ್ಲಿ ಬಹುಪಾಲು ಎಚ್ಐವಿ ಸೋಂಕಿತರಾಗಿದ್ದರು, ಆದ್ದರಿಂದ ಆ ಫಲಿತಾಂಶವನ್ನು ಯಥಾವತ್ ವಿರಾಜಪೇಟೆಗೆ ತರುವಂತಿಲ್ಲ. ಇತ್ತ ಅಮೆರಿಕದಲ್ಲಿ 1563 ರೋಗಿಗಳ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಕ್ಲೋವರ್ಸ್ ಅಧ್ಯಯನದಲ್ಲಿ, ಆರಂಭದ ಒಂದೆರಡು ಲೀಟರ್ ನಂತರ ದ್ರವ ಬಿಗಿಹಿಡಿದರೂ ಧಾರಾಳವಾಗಿ ಕೊಟ್ಟರೂ ಸಾವಿನಲ್ಲಿ ವ್ಯತ್ಯಾಸ ಕಾಣಲಿಲ್ಲ.

ಇವುಗಳಿಂದ ನಾನು ತೆಗೆದುಕೊಂಡಿರುವ ಪಾಠ ಹೀಗಿದೆ. ದ್ರವವನ್ನು 250 ಅಥವಾ 500 ಮಿಲಿಯಂತೆ ಕಂತುಗಳಲ್ಲಿ ಕೊಟ್ಟು, ಪ್ರತಿ ಕಂತಿನ ನಂತರವೂ ರೋಗಿಯನ್ನು ನೋಡಬೇಕು. ಉಸಿರಾಟದ ವೇಗ ಏರಿದರೆ, ಆಮ್ಲಜನಕದ ಮಟ್ಟ ಇಳಿದರೆ, ಎದೆಯ ತಳದಲ್ಲಿ ಹೊಸದಾಗಿ ಕ್ರೆಪಿಟೇಶನ್ (ಚಿಟಪಟ ಸದ್ದು) ಕೇಳಿಸಿದರೆ ಅಲ್ಲಿಗೇ ನಿಲ್ಲಿಸಬೇಕು. ಸ್ಕ್ರಬ್ ಟೈಫಸ್ ಮತ್ತು ಇಲಿಜ್ವರದಲ್ಲಿ ರಕ್ತನಾಳಗಳೇ ಸೋರುವುದರಿಂದ ಶ್ವಾಸಕೋಶ ಬೇಗ ತುಂಬಿಕೊಳ್ಳುತ್ತದೆ. ಹುಣಸೂರು ದಾರಿಯಲ್ಲಿ, ಆಂಬುಲೆನ್ಸಿನೊಳಗೆ ಅಂಥ ರೋಗಿಗೆ ಉಸಿರಾಟದ ಟ್ಯೂಬ್ ಹಾಕುವ ಪರಿಸ್ಥಿತಿಯನ್ನು ಯಾರೂ ಬಯಸುವುದಿಲ್ಲ.

ನೋಡುವುದು ಹೇಗೆ ಎಂಬುದಕ್ಕೂ ಸಂಶೋಧನೆ ಒಂದು ಸರಳ ಉಪಾಯ ಕೊಟ್ಟಿದೆ. ತೋರುಬೆರಳಿನ ತುದಿಯನ್ನು ಗಾಜಿನ ಸ್ಲೈಡಿನಿಂದ ಬಿಳಿಚುವವರೆಗೆ ಒತ್ತಿ, ಹತ್ತು ಸೆಕೆಂಡು ಹಿಡಿದು ಬಿಡಬೇಕು. ಮೊದಲಿನ ಬಣ್ಣ ಮರಳಲು ಮೂರು ಸೆಕೆಂಡಿಗಿಂತ ಹೆಚ್ಚು ಹಿಡಿದರೆ ರಕ್ತಸಂಚಾರ ಸಾಲದು ಎಂದರ್ಥ. ದಕ್ಷಿಣ ಅಮೆರಿಕದ 424 ರೋಗಿಗಳಲ್ಲಿ ಇದನ್ನು, ರಕ್ತಸಂಚಾರ ಸಾಲದಾದಾಗ ಏರುವ ರಕ್ತದ ಲ್ಯಾಕ್ಟೇಟ್ ಪರೀಕ್ಷೆಯೊಂದಿಗೆ ಹೋಲಿಸಿದ 2019ರ ಅಧ್ಯಯನದಲ್ಲಿ, ಬೆರಳು ನೋಡಿ ಚಿಕಿತ್ಸೆ ಕೊಟ್ಟವರಲ್ಲಿ ಶೇ. 34.9, ಲ್ಯಾಕ್ಟೇಟ್ ನೋಡಿ ಕೊಟ್ಟವರಲ್ಲಿ ಶೇ. 43.4 ಮಂದಿ ಸತ್ತರು. ಸಂಖ್ಯಾಶಾಸ್ತ್ರದ ಗೆರೆಯನ್ನು ಅದು ಕೂದಲೆಳೆಯಲ್ಲಿ ದಾಟಲಿಲ್ಲ, ಆದರೆ ಬೆರಳಿನ ಪರೀಕ್ಷೆ ಯಂತ್ರಕ್ಕಿಂತ ಕಡಿಮೆಯದ್ದೆಂದು ಹೇಳಲು ಕಾರಣವೂ ಉಳಿಯಲಿಲ್ಲ. ಮಳೆಗಾಲದಲ್ಲಿ ಮಾತ್ರ ಬೆರಳನ್ನು ಮೊದಲು ಬೆಚ್ಚಗೆ ಮಾಡಿಕೊಳ್ಳಿ, ಜುಲೈ ತಿಂಗಳ ಚಳಿಯಲ್ಲಿ ಆರೋಗ್ಯವಂತರ ಬೆರಳೂ ತಡಮಾಡುತ್ತದೆ.

ಬಿಪಿ ಏಳದಿದ್ದರೆ ಕುತ್ತಿಗೆಯ ದೊಡ್ಡ ರಕ್ತನಾಳಕ್ಕೆ ಹಾಕುವ ಸೆಂಟ್ರಲ್ ಲೈನ್‌ಗಾಗಿ ಕಾಯದೆ, ಮೊಣಕೈ ಮಡಿಕೆಯ ಅಥವಾ ಅದಕ್ಕಿಂತ ಮೇಲಿನ ಒಳ್ಳೆಯ ರಕ್ತನಾಳದಲ್ಲೇ ಬಿಪಿ ಏರಿಸುವ ಔಷಧವಾದ ನಾರ್‌ಅಡ್ರಿನಲಿನ್ ಆರಂಭಿಸಬಹುದೆಂದು ಅದೇ 2021ರ ಮಾರ್ಗಸೂಚಿ ಹೇಳುತ್ತದೆ. ವೈದ್ಯರ ಆದೇಶದ ಮೇಲೆ ತಾವು ಅದನ್ನು ಹಾಕಿದ ನಂತರ ಸೂಜಿಯ ಜಾಗ ಬಿಳುಪೇರುತ್ತಿದೆಯೇ, ಊದುತ್ತಿದೆಯೇ ಎಂದು ಪದೇ ಪದೇ ನೋಡುತ್ತಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಬಿಪಿ ಬಿದ್ದು ಆಘಾತದ (ಶಾಕ್) ಸ್ಥಿತಿಯಲ್ಲಿರುವ ರೋಗಿಗೆ ಆ್ಯಂಟಿಬಯೋಟಿಕ್‌ನ ಮೊದಲ ಡೋಸ್ ಒಂದು ಗಂಟೆಯೊಳಗೆ ಸೇರಬೇಕು. ಕಲ್ಚರ್ ಬಾಟಲಿಗೆ ರಕ್ತ ತೆಗೆದು, ಮೊದಲ ಡೋಸ್ ಕೊಟ್ಟು, ಕೊಟ್ಟ ಸಮಯವನ್ನು ರೆಫರಲ್ ಚೀಟಿಯಲ್ಲಿ ಬರೆದು ಕಳುಹಿಸಿ. ‘ಮೈಸೂರಿನಲ್ಲಿ ಕೊಡುತ್ತಾರೆ’ ಎಂದು ಬಿಟ್ಟರೆ ದಾರಿಯ ಮೂರು ಗಂಟೆ ಅಷ್ಟೂ ವ್ಯರ್ಥ.

ಪ್ರಶ್ನೆ (ಕುಶಾಲನಗರದ ಸದಸ್ಯರು): ಸೆಪ್ಸಿಸ್ ಅಂಟುರೋಗವೇ? ಐಸಿಯುವಿನಲ್ಲಿ ರೋಗಿಯನ್ನು ಮುಟ್ಟಿ ಮಾತನಾಡಿಸಬಹುದೇ?

ಉತ್ತರ: ಸೆಪ್ಸಿಸ್ ಅಂಟುವುದಿಲ್ಲ. ಅದಕ್ಕೆ ಮೂಲವಾದ ಕೆಲವು ಸೋಂಕುಗಳು ಅಂಟಬಹುದು, ಹಾಗಿದ್ದರೆ ಸಿಬ್ಬಂದಿ ತಿಳಿಸುತ್ತಾರೆ. ಕೈ ತೊಳೆದು ಮುಟ್ಟಿ, ಹೊರಬಂದು ಮತ್ತೆ ತೊಳೆಯಿರಿ. ನಿಮ್ಮ ರಕ್ಷಣೆಗಿಂತ ಹೆಚ್ಚಾಗಿ ಇದು ಪಕ್ಕದ ಹಾಸಿಗೆಯ ರೋಗಿಯ ರಕ್ಷಣೆಗೆ.

ಪ್ರಶ್ನೆ (ಗೋಣಿಕೊಪ್ಪಲಿನ ಬೆಳೆಗಾರರು): ತಮ್ಮ ಉತ್ತರಕ್ಕೆ ವಂದನೆಗಳು. ವಿಚಾರಿಸಿದೆ, ಎರಡೂ ಪರೀಕ್ಷೆ ಕಳುಹಿಸಿದ್ದಾರೆ. ಈಗ ಇನ್ನೊಂದು ವಿಷಯ ಎದುರಾಗಿದೆ. ಆ್ಯಂಟಿಬಯೋಟಿಕ್ ಎಷ್ಟು ದಿನ ಕೊಡಬೇಕೆಂಬ ಅಧ್ಯಯನಕ್ಕೆ ಭಾವನವರನ್ನು ಸೇರಿಸಿಕೊಳ್ಳಲು ಅಕ್ಕನ ಸಹಿ ಕೇಳುತ್ತಿದ್ದಾರೆ. ಮನೆಯ ಹಿರಿಯರು ‘ನಮ್ಮವರ ಮೇಲೆ ಪ್ರಯೋಗ ಬೇಡ’ ಎನ್ನುತ್ತಿದ್ದಾರೆ.

ಉತ್ತರ: ಹಿರಿಯರ ಅಳುಕು ಸಹಜವಾದುದು, ಅದನ್ನು ತಳ್ಳಿಹಾಕುವುದು ಸರಿಯಲ್ಲ. ರೋಗಿಗೆ ಪ್ರಜ್ಞೆಯಿಲ್ಲದಾಗ ಕಾನೂನುಬದ್ಧ ಪ್ರತಿನಿಧಿಯ ಒಪ್ಪಿಗೆ ಪಡೆಯಬೇಕು, ಆತ ಚೇತರಿಸಿಕೊಂಡ ನಂತರ ಆತನನ್ನೇ ಮತ್ತೆ ಕೇಳಬೇಕು ಎಂಬುದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ 2017ರ ನೈತಿಕ ಮಾರ್ಗಸೂಚಿಯ ನಿಲುವು. ಅಕ್ಕನವರಿಗೆ ಅರ್ಥವಾಗುವ ಭಾಷೆಯಲ್ಲಿ ಬರೆದ ಮಾಹಿತಿ ಪತ್ರ ಕೊಡಬೇಕು, ಓದಿ ಯೋಚಿಸಲು ಸಮಯ ಕೊಡಬೇಕು. ಒಪ್ಪದಿದ್ದರೂ, ಒಪ್ಪಿ ನಡುವೆ ಹಿಂದೆ ಸರಿದರೂ ಚಿಕಿತ್ಸೆಯಲ್ಲಿ ಕಿಂಚಿತ್ತೂ ಕೊರತೆಯಾಗಬಾರದು. ಆಸ್ಪತ್ರೆಯ ನೈತಿಕ ಸಮಿತಿಯ ಅನುಮೋದನೆ ಪತ್ರ ಮತ್ತು ಸಿಟಿಆರ್‌ಐ ಎಂಬ ರಾಷ್ಟ್ರೀಯ ನೋಂದಣಿಯ ಸಂಖ್ಯೆ ಕೇಳಿ ಪಡೆಯಿರಿ. ಇವೆರಡನ್ನು ತೋರಿಸಲು ಹಿಂಜರಿಯುವವರ ಕಾಗದಕ್ಕೆ ಸಹಿ ಹಾಕಬೇಡಿ.

ತಾವು ಹೇಳಿದ ಬಗೆಯ ಅಧ್ಯಯನದಲ್ಲಿ ಹೊಸ ರಾಸಾಯನಿಕವನ್ನು ಮೈಗೆ ಹಾಕುವುದಿಲ್ಲ, ಈಗಾಗಲೇ ಬಳಕೆಯಲ್ಲಿರುವ ಎರಡು ಪದ್ಧತಿಗಳಲ್ಲಿ ಯಾವುದು ಮೇಲೆಂದು ನೋಡುತ್ತಾರೆ. 2024ರಲ್ಲಿ ಪ್ರಕಟವಾದ ಬ್ಯಾಲೆನ್ಸ್ ಅಧ್ಯಯನ ಅಂಥದ್ದೇ. ರಕ್ತದಲ್ಲಿ ಬ್ಯಾಕ್ಟೀರಿಯಾ ಸಿಕ್ಕ 3608 ರೋಗಿಗಳಲ್ಲಿ, ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಐಸಿಯುವಿನವರು, ಏಳು ದಿನದ ಆ್ಯಂಟಿಬಯೋಟಿಕ್ ಹದಿನಾಲ್ಕು ದಿನದ್ದಕ್ಕೆ ಕಡಿಮೆಯಲ್ಲ ಎಂದು ತೋರಿತು. 90 ದಿನಗಳಲ್ಲಿ ಸಾವು ಕ್ರಮವಾಗಿ ಶೇ. 14.5 ಮತ್ತು 16.1. ಸ್ಟೆಫೈಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾದ ಸೋಂಕಿನವರನ್ನು ಅದರಲ್ಲಿ ಸೇರಿಸಿರಲಿಲ್ಲ, ಅವರಿಗೆ ಈ ಲೆಕ್ಕ ಅನ್ವಯಿಸದು. ಔಷಧಗಳಿಗೆ ಬಗ್ಗದ ಕ್ಲೆಬ್ಸಿಯೆಲ್ಲಾ, ಅಸಿನೆಟೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾಗಳು ನಮ್ಮ ಐಸಿಯುಗಳಲ್ಲಿ ಬೇರು ಬಿಟ್ಟಿರುವಾಗ, ಅನಗತ್ಯವಾದ ಒಂದೊಂದು ದಿನದ ಆ್ಯಂಟಿಬಯೋಟಿಕ್ ಉಳಿಸುವುದೂ ದೊಡ್ಡ ಕೆಲಸವೇ. ಕಾಗದಪತ್ರಗಳು ಸರಿಯಿದ್ದರೆ ನಾನಾಗಿದ್ದರೆ ಸಹಿ ಹಾಕುತ್ತಿದ್ದೆ. ಆದರೆ ನಿರ್ಧಾರ ಅಕ್ಕನವರದೇ ಆಗಿರಬೇಕು, ಸಂಶೋಧಕರದ್ದಾಗಲಿ ಈ ಗುಂಪಿನವರದ್ದಾಗಲಿ ಅಲ್ಲ.

ಪ್ರಶ್ನೆ (ನಾಪೋಕ್ಲಿನ ಸದಸ್ಯೆ): ನನ್ನ ತಂದೆ ಸೆಪ್ಸಿಸ್‌ನಿಂದ ಚೇತರಿಸಿಕೊಂಡು ಮನೆಗೆ ಬಂದು ಕೆಲವು ತಿಂಗಳಾಯಿತು. ತೋಟದ ಲೆಕ್ಕ ಮರೆಯುತ್ತಾರೆ, ಮೆಟ್ಟಿಲು ಹತ್ತಲು ಕಷ್ಟಪಡುತ್ತಾರೆ. ಇದು ವಯಸ್ಸಿನದ್ದೋ ರೋಗದ್ದೋ?

ಉತ್ತರ: ರೋಗದ್ದೇ ಇರುವ ಸಾಧ್ಯತೆ ಹೆಚ್ಚು. ಸೆಪ್ಸಿಸ್‌ನಿಂದ ಬದುಕುಳಿದ ಹಿರಿಯರಲ್ಲಿ ನೆನಪಿನ ಶಕ್ತಿ ಮತ್ತು ಓಡಾಟದ ಶಕ್ತಿ ಎರಡೂ ಕುಗ್ಗುತ್ತವೆ, ಹಲವರಲ್ಲಿ ಅದು ವರ್ಷಗಟ್ಟಲೆ ಉಳಿಯುತ್ತದೆ ಎಂದು 2010ರ ಅಮೆರಿಕದ ದೊಡ್ಡ ಅಧ್ಯಯನವೊಂದು ತೋರಿಸಿದೆ. ದಿನವೂ ನಡಿಗೆ, ಕುರ್ಚಿಯಿಂದ ಎದ್ದು ಕೂರುವ ವ್ಯಾಯಾಮ, ಮೊಟ್ಟೆ, ಬೇಳೆ, ಮೀನಿನಂಥ ಪ್ರೋಟೀನ್ ಆಹಾರ ಕೊಡಿ. ಲೆಕ್ಕದ ಪುಸ್ತಕವನ್ನು ಅವರ ಕೈಯಿಂದ ಕಸಿಯದೆ ಜೊತೆಯಲ್ಲಿ ಕೂತು ನೋಡಿ. ಮೊದಲ ವರ್ಷದಲ್ಲಿ ಸೋಂಕು ಮರುಕಳಿಸುವುದು ಸಾಮಾನ್ಯವಾದ್ದರಿಂದ, ಜ್ವರದೊಂದಿಗೆ ಗಲಿಬಿಲಿ, ಏದುಸಿರು ಅಥವಾ ಮೂತ್ರದ ಕೊರತೆ ಕಂಡರೆ ಮಾರನೆಯ ದಿನಕ್ಕೆ ಕಾಯದೆ, ಹಿಂದಿನ ಡಿಸ್ಚಾರ್ಜ್ ಪತ್ರದೊಂದಿಗೆ ಆಸ್ಪತ್ರೆಗೆ ಕರೆತನ್ನಿ.