ಒಂದೇ ಕಾಳಗಕ್ಕೆ ಮಂತ್ರವೆಲ್ಲ ಖಾಲಿ, ಆಮೇಲೆ ನಿದ್ದೆ. ತಡೆಯೋದು ಹೇಗೆ?

ಹಾಸನದ ದಾಳ: ಡಿ ಅಂಡ್ ಡಿ (ಡಂಜನ್ಸ್ ಅಂಡ್ ಡ್ರ್ಯಾಗನ್ಸ್, ದಾಳ ಹಾಕಿ ಪಾತ್ರವಾಗಿ ಆಡೋ ಕಥೆಯಾಟ) 5ನೇ ಆವೃತ್ತಿ, ಹಾಸನದಲ್ಲಿ ನಾನು ನಡೆಸೋ ಭಾನುವಾರದ ಆಟ. ವಿಝರ್ಡ್ (ಮಾಂತ್ರಿಕ ಪಾತ್ರ) ಮೊದಲ ಕಾಳಗದಲ್ಲೇ ಫೈರ್‌ಬಾಲ್ ಮಂತ್ರ ಎಲ್ಲ ಸುರಿದು ಲಾಂಗ್ ರೆಸ್ಟ್ (ಆಟದೊಳಗಿನ ರಾತ್ರಿ ನಿದ್ದೆ) ಕೇಳ್ತಾನೆ. ವಾರ್ಲಾಕ್ (ಇನ್ನೊಂದು ಬಗೆಯ ಮಾಂತ್ರಿಕ ಪಾತ್ರ) ಆಡೋಳಿಗೆ ಬೇಜಾರು. ಏನ್ ಮಾಡ್ಲಿ?

ಗಿರಿಯ ಮಂಜು: ವಾರ್ಲಾಕ್ ಸ್ಲಾಟ್ (ಮಂತ್ರ ಹಾಕೋ ಸರದಿಗಳ ಲೆಕ್ಕ) ಒಂದು ಗಂಟೆಯ ಶಾರ್ಟ್ ರೆಸ್ಟಿಗೇ ತುಂಬುತ್ತೆ, ವಿಝರ್ಡ್‌ದು ಬಹುಪಾಲು ಎಂಟು ಗಂಟೆಯ ಲಾಂಗ್ ರೆಸ್ಟಿಗೆ. ದಿನಕ್ಕೊಂದೇ ಕಾಳಗ ಇಟ್ರೆ ವಾರ್ಲಾಕ್‌ಗೆ ಅನ್ಯಾಯ. ಮೂರು ಕಾಳಗ ಇಡಿ, ನಡುವೆ ಎರಡು ಶಾರ್ಟ್ ರೆಸ್ಟ್. ಜೊತೆಗೆ ಗಡುವು ಬೇಕೇ ಬೇಕು: ಹೊತ್ತು ಮುಳುಗೋದ್ರೊಳಗೆ ಒತ್ತೆಯಾಳನ್ನ ಬಿಡಿಸ್ಬೇಕು ಅಂದ್ರೆ ಯಾರೂ ಮಲಗಲ್ಲ.

ಕಾಫಿಕಣಿವೆ: ಡ್ರ್ಯಾಗನ್ ಲೆಕ್ಕ ಬೇರೆ ರೀ, ಅದು ರೆಸ್ಟಿಗೆ ಕಾಯಲ್ಲ. ಬೆಂಕಿಯುಸಿರು ಬಿಟ್ಟಮೇಲೆ, ಅದರ ಪ್ರತಿ ಸರದಿಯ ಶುರುವಲ್ಲಿ ಡಿ6 (ಆರು ಮುಖದ ದಾಳ) ಹಾಕಿ; 5 ಅಥವಾ 6 ಬಿದ್ರೆ ಮತ್ತೆ ಸಿದ್ಧ. ಎರಡು ಸರದಿಯೊಳಗೆ ಮರಳೋ ಸಾಧ್ಯತೆ 9ರಲ್ಲಿ 5. ಖಾಲಿಯಾಯ್ತು ಅಂತ ಗುಂಪಾಗಿ ನಿಂತ್ರೆ 5 ಅಥವಾ 6 ಬಿದ್ದ ಸರದಿಯಲ್ಲೇ ಎಲ್ಲರೂ ಸುಟ್ಟುಹೋಗ್ತಾರೆ. ಈ ದಾಳ ಮಾತ್ರ ಎಲ್ಲರೆದುರೇ ಉರುಳಿಸಿ.